ಅರ್ಧ ವಾಕ್ಯದಲ್ಲಿ ಎದ್ದು ಬರುವುದು

ಎಲ್ಲರಿಗೂ ನಮಸ್ಕಾರ.

ಬರೆಯುವ ಅಭ್ಯಾಸದ ಬಗ್ಗೆ ಮಾತಾಡಬೇಕು ಅಂದಾಗ ನನಗೆ ಮೊದಲು ನೆನಪಾಗಿದ್ದು, ಒಂದಕ್ಷರವನ್ನೂ ಬರೆಯದೆ ಕಳೆದ ನಾಲ್ಕು ತಿಂಗಳು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ದಿನಕ್ಕೆ 1000 ಪದ ಬರೆದೇ ತೀರುತ್ತೇನೆ ಅಂತ ಹಟ ಹಿಡಿದಿದ್ದೆ. ಬರೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕೆಂಪು ಗೀಟು. ಮೊದಲ ತಿಂಗಳು ಆ ಗೀಟುಗಳನ್ನು ನೋಡಿದರೇ ಖುಷಿಯಾಗುತ್ತಿತ್ತು. ಮೂರನೇ ತಿಂಗಳಿಗೆ ಬರುವಷ್ಟರಲ್ಲಿ ಕತೆ ಹಿಂದೆ ಬಿದ್ದು ಗೀಟೇ ಮುಖ್ಯವಾಗಿತ್ತು. ರಾತ್ರಿ ಹನ್ನೊಂದೂವರೆಗೆ ಇನ್ನೂ ಮುನ್ನೂರು ಪದ ಬಾಕಿ ಇದ್ದರೆ ಪಾತ್ರಗಳನ್ನು ಎದುರುಬದುರು ಕೂರಿಸಿ ಮಾತಾಡಿಸುತ್ತಿದ್ದೆ. "ಮಳೆ ಬರಬಹುದು." "ಹೌದು, ಬರಬಹುದು." ನಾಲ್ಕು ಪದ ಆಯ್ತು! ಆ ಕಾದಂಬರಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಮೋಡ ಕವಿದಿದೆ, ಆದರೆ ಕತೆಗೂ ಮಳೆಗೂ ಸಂಬಂಧವೇ ಇರಲಿಲ್ಲ.

112ನೇ ದಿನ ಜ್ವರ ಬಂತು. ಒಂದು ಖಾನೆ ಖಾಲಿ ಉಳಿಯಿತು. ಜ್ವರವೇನೋ ಮೂರು ದಿನಕ್ಕೆ ಇಳಿಯಿತು. ನಾನು ಮತ್ತೆ ಪೆನ್ನು ಹಿಡಿದದ್ದು ಮಾತ್ರ ನಾಲ್ಕು ತಿಂಗಳ ಮೇಲೆ. ಆ ಖಾಲಿ ಖಾನೆ ನೋಡಿದಾಗಲೆಲ್ಲ, ಹೋಯ್ತು, ಇನ್ನೇನಿದೆ ಅನ್ನಿಸುತ್ತಿತ್ತು.

ಆಗ ನನಗೆ ಗೊತ್ತಿರದಿದ್ದ ಒಂದು ಸಂಗತಿ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಒಬ್ಬೊಬ್ಬರೂ ಒಂದೊಂದು ಹೊಸ ರೂಢಿ ಆರಿಸಿಕೊಂಡಿದ್ದರು. ಹಣ್ಣು ತಿನ್ನುವುದು, ನೀರು ಕುಡಿಯುವುದು, ಓಡುವುದು, ಹೀಗೆ. ಅದು ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನವೇ ಸಾಕು. ಇನ್ನು ಕೆಲವರಿಗೆ 254 ದಿನ ಬೇಕಾದೀತು ಅಂತ ಲೆಕ್ಕ ಬಂತು. 21 ದಿನದಲ್ಲಿ ರೂಢಿಯಾಗಿಬಿಡುತ್ತದೆ ಅಂತ ಎಲ್ಲರೂ ಹೇಳುವ ಆ ಮಾತು ಹುಟ್ಟಿದ್ದು, ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಎಷ್ಟು ದಿನ ಬೇಕು ಅಂತ ಒಬ್ಬ ವೈದ್ಯರು ಅಂದಾಜು ಮಾಡಿದ್ದರಿಂದ. ಬರವಣಿಗೆಗೂ ಅದಕ್ಕೂ ಏನು ನಂಟೋ!

ಆದರೆ ನಾನು ಹೇಳಹೊರಟದ್ದು ಆ ಅಧ್ಯಯನದ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ನನ್ನ ಖಾಲಿ ಖಾನೆಯಿಂದ ನಿಜಕ್ಕೂ ಆದ ನಷ್ಟ ಒಂದು ದಿನ. ಉಳಿದ ನಾಲ್ಕು ತಿಂಗಳು ನಾನಾಗಿಯೇ ಕಳೆದದ್ದು.

ಹಾಗಾದರೆ ಲೆಕ್ಕವೇ ಬೇಡವಾ? ಬೇಕು. ಆಂಥನಿ ಟ್ರೋಲಪ್ ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ಕೆಲಸಕ್ಕಿದ್ದವನು. ಬೆಳಿಗ್ಗೆ 5.30ಕ್ಕೆ ಎಬ್ಬಿಸಲು ಒಬ್ಬ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಹೀಗೇ 47 ಕಾದಂಬರಿ ಬರೆದ. ಅವನಿಗೆ ಒಪ್ಪಿತು. ನನಗಂತೂ ಆ ಗಡಿಯಾರ ನೆನೆದರೇ ಬೆವರು ಬರುತ್ತದೆ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಕೂಡ ಒಂದು ರಟ್ಟಿನ ಮೇಲೆ ದಿನದಿನದ ಪದಗಳನ್ನು ಬರೆದಿಡುತ್ತಿದ್ದ. 450, 575, 462, 1250, ಮತ್ತೆ 512. ನಡುವೆ ಆ 1250 ಯಾಕೆ ಬಂತು? ಮರುದಿನ ಮೀನು ಹಿಡಿಯಲು ಹೋಗುವುದಿದ್ದರೆ ಹಿಂದಿನ ದಿನವೇ ಸ್ವಲ್ಪ ಜಾಸ್ತಿ ಬರೆದುಬಿಡುತ್ತಿದ್ದ, ಅಲ್ಲಿ ಕೂತು ಅಪರಾಧಿ ಭಾವ ಕಾಡಬಾರದು ಅಂತ. ಅವನ ಪಟ್ಟಿಯಲ್ಲಿ ರಜೆಗೂ ಜಾಗ ಇತ್ತು. ನನ್ನ ಕ್ಯಾಲೆಂಡರಿನಲ್ಲಿ ಇರಲಿಲ್ಲ.

ಅವನಿಂದಲೇ ಕಲಿತ ಇನ್ನೊಂದು ವಿಷಯ ನನ್ನ ದಿನಚರಿಯನ್ನೇ ಬದಲಿಸಿತು. ಮುಂದೇನು ಅಂತ ಗೊತ್ತಿರುವಾಗಲೇ ನಿಲ್ಲಿಸಬೇಕು. ನಾನು ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಎಳೆದಿದ್ದೇನೆ. ವಾಕ್ಯದ ಮಧ್ಯದಲ್ಲೇ ಎದ್ದುಬಿಡುತ್ತೇನೆ. ನಿನ್ನೆಯ ಪುಟದ ಕೊನೆಯ ಸಾಲು ಹೀಗಿದೆ: "ಅವಳು ಪೆಟ್ಟಿಗೆಯ ಬೀಗ ತೆಗೆದಾಗ ಒಳಗೆ". ಅಷ್ಟೇ, ಪೂರ್ಣವಿರಾಮವೂ ಇಲ್ಲ. ಮೊದಮೊದಲು ಇದು ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇಡೀ ದಿನ ಕಿರಿಕಿರಿ ಮಾಡುತ್ತದೆ. ಆದರೆ ಮರುದಿನ ಖಾಲಿ ಹಾಳೆಯ ಮುಂದೆ ಕೂರುವ ಭಯ ಇರುವುದಿಲ್ಲ. ಆ ವಾಕ್ಯ ಮುಗಿಸಲೆಂದು ಕೂರುತ್ತೇನೆ. ಅದು ಮುಗಿಯುವಷ್ಟರಲ್ಲಿ ಇನ್ನೊಂದು ವಾಕ್ಯ ಬಂದಿರುತ್ತದೆ. ಈಗ ನನ್ನ ಲೆಕ್ಕ ಪದಗಳದ್ದಲ್ಲ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಕು, ಪಕ್ಕದಲ್ಲಿ ಎಷ್ಟು ನಿಮಿಷ ಕೂತೆ ಅನ್ನುವುದು. ಕನಿಷ್ಠ ಹದಿನೈದು. ಸುಮ್ನೆ ಕಿಟಕಿ ನೋಡಿದ ಹದಿನೈದೂ ಸೇರುತ್ತದೆ.

ಗುರಿಗಳ ವಿಷಯಕ್ಕೂ ಇದೇ ಮಾತು. "ಈ ವರ್ಷ ನನ್ನ ಕತೆಗೆ ಬಹುಮಾನ ಬರಬೇಕು" ಅಂತ ಆಸೆಪಡಬಹುದು, ತಪ್ಪೇನಿಲ್ಲ. ಆದರೆ ಅದು ಯಾರೋ ಮೂವರು ತೀರ್ಪುಗಾರರ ಕೈಯಲ್ಲಿರುವ ಸಂಗತಿ. "ಈ ವರ್ಷ ಆರು ಕತೆ ಮುಗಿಸಿ ಆರು ಕಡೆ ಕಳಿಸುತ್ತೇನೆ" ಅನ್ನುವುದು ನನ್ನ ಕೈಯಲ್ಲಿದೆ. ವಾಪಸು ಬಂದ ಕತೆಯೂ ಆರರಲ್ಲಿ ಒಂದೇ. ಒಮ್ಮೆ ಒಂದೇ ವಾರದಲ್ಲಿ ಎರಡು ಕತೆ ವಾಪಸು ಬಂದವು. ಬೇಜಾರಾಯಿತು, ಇಲ್ಲ ಅಂದರೆ ಸುಳ್ಳು. ಆದರೂ ಪಟ್ಟಿಯಲ್ಲಿ ಎರಡು ಖಾನೆ ತುಂಬಿದ್ದವು.

ಇನ್ನು ದೇಹ. ನಾವು ಬರೆಯುವವರು, ಚಿತ್ರ ಬಿಡಿಸುವವರು ಇದನ್ನು ಮನೆಗೆ ಕರೆಯದೆ ಬಂದ ನೆಂಟನ ಹಾಗೆ ನೋಡುತ್ತೇವೆ. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಬರೆದೂ ಬರೆದೂ ನನ್ನ ಕತ್ತು ಒಂದು ಕಡೆಗೆ ತಿರುಗದಂತಾಗಿತ್ತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಉರಿಯುವುದು ಅದಕ್ಕೇ. ಕಣ್ಣಿನ ವೈದ್ಯರು 20-20-20 ಅಂತ ಹೇಳುತ್ತಾರೆ: 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಿ. ಕತೆ ಮುಂದೆ ಹೋಗದಿದ್ದರೆ ಎದ್ದು ನಡೆಯಿರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೂತವರಿಗಿಂತ ನಡೆಯುವವರಿಗೆ ಹೊಸ ಯೋಚನೆಗಳು ಜಾಸ್ತಿ ಹೊಳೆದವು. ತಮಾಷೆ ಏನು ಗೊತ್ತಾ, ಬೋಳು ಗೋಡೆಯ ಎದುರು ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಹಾಗೇ ಆಯಿತು. ಅಂದರೆ ಹೂವು, ಹಕ್ಕಿ ಏನೂ ಬೇಕಿಲ್ಲ. ಕಾಲು ಆಡಿದರೆ ಆಯ್ತು.

ಮನಸ್ಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. "ಬರೆದುಬಿಡು, ಹಗುರಾಗುತ್ತೆ" ಅಂತ ಎಲ್ಲರೂ ಸಲಹೆ ಕೊಡುತ್ತಾರೆ, ಅಲ್ವಾ? ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಅನುಭವ ಬರೆದರು. ನೋವನ್ನು, ಅದರ ಜೊತೆಗಿನ ಭಾವನೆಯನ್ನು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ಆ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಇದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ತುಂಬಾ ನೋಯುವ ವಿಷಯವನ್ನು ಮಲಗುವ ಮುಂಚೆ, ಒಬ್ಬರೇ ಇರುವಾಗ ಕೆದಕಬೇಡಿ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ನೋಟ್‌ಬುಕ್ ಮುಚ್ಚಿಟ್ಟು ವೈದ್ಯರ ಹತ್ತಿರ ಹೋಗಿ. ನೊಂದರೇ ಒಳ್ಳೆಯ ಕಲೆ ಹುಟ್ಟುವುದು ಅನ್ನುವ ಮಾತನ್ನು ನಾನು ನಂಬುವುದಿಲ್ಲ. ನಾನು ನೊಂದಿದ್ದಾಗ ಬರೆದದ್ದನ್ನು ಈಗ ಓದಿದರೆ, ಬರೀ ನೋವಿದೆ. ಕತೆ ಇಲ್ಲ.

ಆ ಮೋಡ ಕವಿದ ಕಾದಂಬರಿ ಏನಾಯಿತು ಅಂತ ಕೆಲವರು ಯೋಚಿಸುತ್ತಿರಬಹುದು. ಮಳೆಯ ಮಾತೆಲ್ಲ ತೆಗೆದ ಮೇಲೆ 40 ಪುಟ ಉಳಿದಿದೆ. ಪೆಟ್ಟಿಗೆಯ ಬೀಗ ತೆಗೆಯುವವಳು ಅದರಲ್ಲೇ ಇದ್ದಾಳೆ. ನಾಳೆ ಬೆಳಿಗ್ಗೆ ಆ ವಾಕ್ಯ ಮುಗಿಸಬೇಕು.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.