ಏಳನೆಯ ಉಂಗುರದ ಗುರುತು

ಕೇಳುಗರೇ, ನಮಸ್ಕಾರ. ಮಳೆಗಾಲದಲ್ಲಿ ಅಂಗಳಕ್ಕೆ ಬಂದು, ಮುಟ್ಟಿದೊಡನೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಚೋರಟೆ, ಅಂದರೆ ಸಹಸ್ರಪದಿ, ನಿಮಗೆಲ್ಲ ಗೊತ್ತು. ಅದೇ ಬಳಗದ ದೈತ್ಯ ಕೆನ್ಯಾದಿಂದ ಮೊಜಾಂಬಿಕ್‌ವರೆಗಿನ ತಗ್ಗು ನೆಲದಲ್ಲಿದೆ. ಹೆಸರು ಆರ್ಕಿಸ್ಪೈರೊಸ್ಟ್ರೆಪ್ಟಸ್ ಗಿಗಾಸ್. ಜರ್ಮನ್ ಪ್ರಾಣಿಶಾಸ್ತ್ರಜ್ಞ ವಿಲ್‌ಹೆಲ್ಮ್ ಪೀಟರ್ಸ್ 1855ರಲ್ಲಿ ವರ್ಣಿಸಿದ ಜೀವಿ. ಉದ್ದ 33 ಸೆಂಟಿಮೀಟರ್ ದಾಟಿದ್ದುಂಟು.

ಇಷ್ಟು ದೊಡ್ಡದನ್ನು ಗುರುತಿಸುವುದೇನು ಮಹಾ ಎನಿಸಬಹುದು. ಆದರೆ ಗಾತ್ರವನ್ನು ನಂಬಿದವರು ಎಡವುತ್ತಾರೆ. ಮರಿ ಪೊರೆ ಕಳಚಿದಂತೆಲ್ಲ ಹಿಂಬದಿಯಲ್ಲಿ ಮೈಯ ಹೊಸ ಉಂಗುರ, ಹೊಸ ಕಾಲು ಸೇರುತ್ತವೆ. ಹಾಗಾಗಿ ಸುಮಾರು 256 ಕಾಲು ಎಂಬ ಲೆಕ್ಕದಿಂದ ಜಾತಿ ನಿರ್ಧಾರವಾಗದು. ಬಣ್ಣವೂ ಮಾದರಿ ಕೆಡದಂತೆ ಇಡುವ ಆಲ್ಕೋಹಾಲಿನಲ್ಲಿ ಮಾಸುತ್ತದೆ.

ಮೊದಲು ಮುಖ ನೋಡಿ. ಹಣೆಯಿಂದ ಮೇಲ್ದುಟಿಯವರೆಗೆ ನಟ್ಟನಡುವೆ ಸೀಳುಗೆರೆ ಎದ್ದು ಕಂಡರೆ ಅದು ಸ್ಪೈರೊಬೋಲಿಡ ಎಂಬ ಬೇರೆ ಗಣ. ನಮ್ಮ ದೈತ್ಯನದು ಸ್ಪೈರೊಸ್ಟ್ರೆಪ್ಟಿಡ. ಆಮೇಲೆ ಏಳನೆಯ ಉಂಗುರದವರೆಗೆ ಎಣಿಸಿ. ತಲೆಯ ಹಿಂದಿನ ಕಾಲಿಲ್ಲದ ಕೊರಳಪಟ್ಟಿಯೇ ಒಂದನೆಯದು. ಅದನ್ನು ಬಿಟ್ಟು ಎಣಿಸಿದರೆ ಎಂಟನೆಯದನ್ನೇ ಏಳು ಎಂದುಕೊಳ್ಳುತ್ತೀರಿ. ಹೊಸಬರ ಸಾಮಾನ್ಯ ತಪ್ಪು ಇದು.

ಬೆಳೆದ ಗಂಡಿನಲ್ಲಿ ಏಳನೆಯ ಉಂಗುರದ ಅಡಿ ಕಾಲಿನ ಸಾಲು ಕಡಿದಂತೆ ಖಾಲಿ ಕಾಣುತ್ತದೆ. ಅಲ್ಲಿನ ಮುಂದಿನ ಜೋಡಿ ಕಾಲುಗಳೇ ವೀರ್ಯ ದಾಟಿಸುವ ಅಂಗವಾಗಿ, ಗೊನೊಪಾಡ್ ಆಗಿ, ಒಳಗೆ ಅಡಗಿರುತ್ತವೆ. ಅದರ ಮಡಿಕೆ, ಮುಳ್ಳು, ತಿರುವುಗಳಲ್ಲೇ ಜಾತಿಯ ಗುಟ್ಟು. ಹೆಣ್ಣು ಅಥವಾ ಮರಿಯೊಂದೇ ಸಿಕ್ಕಿದ್ದರೆ ಜಾತಿಯ ಹೆಸರು ಬರೆಯದಿರುವುದೇ ಪ್ರಾಮಾಣಿಕ ಕೆಲಸ.

ಮಾದರಿಯನ್ನು 70ರಿಂದ 80 ಶೇಕಡಾ ಎಥನಾಲ್‌ನಲ್ಲಿ, ಅಂದರೆ ಆಲ್ಕೋಹಾಲಿನಲ್ಲಿ, ನೆಟ್ಟಗೆ ಮಲಗಿಸಿಡಿ. ಸುರುಳಿಯಾಗಿ ಸೆಟೆದದ್ದನ್ನು ಬಿಡಿಸಹೊರಟರೆ ಉಂಗುರ ಮುರಿಯುತ್ತದೆ. ಡಿಎನ್‌ಎ ಬೇಕಿದ್ದರೆ ಮೊದಲೇ ಎರಡು ಮೂರು ಕಾಲು ಕಿತ್ತು 95 ಶೇಕಡಾ ಎಥನಾಲ್‌ಗೆ ಹಾಕಿ. ಗೊನೊಪಾಡನ್ನು ಚೂಪು ಚಿಮಟದಿಂದ ಬುಡ ಹಿಡಿದು ನಿಧಾನವಾಗಿ ಎತ್ತಿ. ತುದಿ ಹಿಡಿದೆಳೆದರೆ ತೆಳ್ಳಗಿನ ಕೊಂಡಿ ತುಂಡಾದೀತು, ನೋಡಬೇಕಾದದ್ದು ಅದನ್ನೇ. ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ಮುಂದಿನಿಂದ, ಹಿಂದಿನಿಂದ ಚಿತ್ರ ಬರೆಯಿರಿ. ಮೇಲೆ ಗಾಜು ಒತ್ತಬೇಡಿ, ಆಕಾರ ಕೆಡುತ್ತದೆ.

ಜೀವಂತ ಪ್ರಾಣಿಯನ್ನು ಹಿಡಿದ ಕೈಯಿಂದ ಕಣ್ಣುಜ್ಜಬೇಡಿ. ಪಕ್ಕದ ರಂಧ್ರಗಳಿಂದ ಒಸರುವ ಕ್ವಿನೋನ್ ಎಂಬ ರಾಸಾಯನಿಕ ಕಣ್ಣು ಉರಿಸುತ್ತದೆ. ಸಾಕುವವರ ಪಟ್ಟಿಗಳಲ್ಲಿ ಗ್ರಾಫಿಡೊಸ್ಟ್ರೆಪ್ಟಸ್ ಗಿಗಾಸ್ ಎಂದು ಕಂಡರೆ ಅದು ಬೇರೆಯದಲ್ಲ, ಇದರದೇ ಹಳೆಯ ಹೆಸರು. ಸಿಕ್ಕ ಊರು, ಎತ್ತರ, ತಾರೀಖನ್ನು ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಸೀಸೆಯೊಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.