ಹಳೆ ಲಾರಿಯ ಪ್ಲೇಟ್ ಸೆಟ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆ ಇದು. ಅವರ ಹತ್ತಿರ ಹಳೆ ಟಾಟಾ 407 ಲಾರಿ ಇದೆ. ಕಬ್ಬು ಕಡಿಯುವುದು ಶುರುವಾಗುವ ಮೊದಲು ಹಿಂದಿನ ಪ್ಲೇಟ್ ಸೆಟ್, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಬಿಚ್ಚಿಸಿದ್ದಾರೆ. ಬೋಲ್ಟ್‌ಗಳೆಲ್ಲ ತುಕ್ಕು ತಿಂದು ಹೋಗಿವೆ. ಅಂಗಡಿಯವರು, "ಅಣ್ಣಾ, ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ, ತುಕ್ಕೇ ಹಿಡಿಯಲ್ಲ, ಕಾಸು ಜಾಸ್ತಿಯಾದರೂ ಗಟ್ಟಿ" ಅಂದರಂತೆ. ಹಾಕಿಸಬಹುದಾ ಅಂತ ಕೇಳಿದ್ದಾರೆ.

ಬೇಡ. ಉತ್ತರ ಅಷ್ಟೇ. ಆದರೆ ಯಾಕೆ ಬೇಡ ಅನ್ನುವುದು ಗೊತ್ತಾದರೆ ಹಳೆ ಗಾಡಿಯ ಯಾವ ಬೋಲ್ಟ್ ತರಬೇಕಾದರೂ ನೀವೇ ನೋಡಿ ಆರಿಸಬಹುದು.

ಮೊದಲು ತಲೆ ಮೇಲಿನ ನಂಬರ್. ಇದನ್ನು ಬೇಗ ಮುಗಿಸುತ್ತೇನೆ. ಬೋಲ್ಟ್ ತಲೆಯ ಮೇಲೆ 8.8 ಅಥವಾ 10.9 ಅಂತ ಉಬ್ಬಿರುತ್ತದೆ, ಪಕ್ಕದಲ್ಲಿ ಮಾಡಿದ ಕಂಪನಿಯ ಗುರುತು ಇರುತ್ತದೆ. ಮೊದಲ ಅಂಕಿಯನ್ನು 100ರಿಂದ ಗುಣಿಸಿದರೆ ಅದು ತುಂಡಾಗುವ ಬಲ, ಮೆಗಾಪಾಸ್ಕಲ್ ಲೆಕ್ಕದಲ್ಲಿ, ಅಂದರೆ ಪ್ರತಿ ಚದರ ಮಿಲಿಮೀಟರ್ ಉಕ್ಕಿನ ಮೇಲೆ ಬೀಳುವ ಬಲದ ಅಳತೆಯಲ್ಲಿ. ಚುಕ್ಕಿ ಆದಮೇಲಿನ 8 ಅಂದರೆ ಆ ಬಲದ ಶೇಕಡ 80ರವರೆಗೆ ಎಳೆದರೂ ಬೋಲ್ಟ್ ಮತ್ತೆ ತನ್ನ ಉದ್ದಕ್ಕೆ ವಾಪಸ್ ಬರುತ್ತದೆ. ಅಂದರೆ 8.8 ಬೋಲ್ಟ್ 640ರವರೆಗೆ ತಡೆಯುತ್ತದೆ. 10.9 ಆದರೆ 900. ಈಗ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ತಿರುಗಿಸಿ ನೋಡಿ. ಸಾಮಾನ್ಯವಾಗಿ ಎ2-70 ಅಂತ ಇರುತ್ತದೆ. ಅದು 450ಕ್ಕೇ ಹಿಗ್ಗಿ ಹಾಗೇ ನಿಂತುಬಿಡುತ್ತದೆ, ವಾಪಸ್ ಬರುವುದಿಲ್ಲ. ನೋಡಲು ಚೆಂದ, ತುಕ್ಕಿಗೆ ಜಗ್ಗಲ್ಲ, ಆದರೆ ಸಾಧಾರಣ 8.8ಕ್ಕಿಂತ ಮೆದು. ಜೊತೆಗೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಬಿಗಿಯುವಾಗ ಮರೆಗೆ ಮರೆ (ಬೋಲ್ಟಿನ ಸುರುಳಿ ಗೆರೆ, ಥ್ರೆಡ್) ಕಚ್ಚಿಕೊಂಡು ಅರ್ಧದಲ್ಲೇ ನಿಂತುಬಿಡುವುದೂ ಉಂಟು. ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಇನ್ನು ತಲೆ ಮೇಲೆ ಏನೂ ಗುರುತಿಲ್ಲದ ಬೋಲ್ಟ್ ಇದ್ದರೆ ಅದನ್ನು ಗೇಟಿಗೋ ಶೆಡ್ಡಿಗೋ ಇಟ್ಟುಕೊಳ್ಳಿ, ಗಾಡಿಯ ಕೆಳಗೆ ಮಾತ್ರ ಬೇಡ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರೋಣ.

ಪ್ಲೇಟ್ ಸೆಟ್ಟನ್ನು ಆಕ್ಸಲ್ಲಿಗೆ (ಚಕ್ರಗಳಿರುವ ಅಡ್ಡ ದಂಡಕ್ಕೆ) ಕಟ್ಟಿ ಹಿಡಿಯುವ, ಇಂಗ್ಲಿಷ್ U ಆಕಾರದ ಬೋಲ್ಟೇ ಯು ಬೋಲ್ಟ್. ಅದು ಲಾರಿಯ ಭಾರ ಹೊರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಬ್ಬಿನ ಲೋಡಿಗೆ ಹಗ್ಗ ಬಿಗಿಯುವುದನ್ನು ನೋಡಿದ್ದೀರಲ್ಲ? ಹಗ್ಗ ಒಂದೊಂದೇ ಜಲ್ಲೆಯನ್ನು ಹಿಡಿದುಕೊಂಡಿರುವುದಿಲ್ಲ. ಅದು ಇಡೀ ಹೊರೆಯನ್ನು ಒತ್ತಿ ಹಿಡಿದಿರುತ್ತದೆ, ಜಲ್ಲೆಗೆ ಜಲ್ಲೆ ಉಜ್ಜಿಕೊಂಡು ಜಾರದೆ ನಿಲ್ಲುತ್ತವೆ. ಮಂಡ್ಯದಿಂದ ಪಾಂಡವಪುರದವರೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕುಲುಕಿಕೊಂಡು ಹೋದರೂ ಹಗ್ಗ ಬಿಗಿಯಾಗಿರುವವರೆಗೆ ಲೋಡು ಕದಲುವುದಿಲ್ಲ. ಹಗ್ಗ ಸ್ವಲ್ಪ ಸಡಿಲವಾಯಿತು ಅನ್ನಿ, ಜಲ್ಲೆಗಳು ಜಾರಲು ಶುರು, ಜಾರಿದಷ್ಟೂ ಹಗ್ಗ ಇನ್ನೂ ಸಡಿಲ, ಕೊನೆಗೆ ಹಗ್ಗವೇ ಉಜ್ಜಿ ಹರಿಯುತ್ತದೆ. ಯು ಬೋಲ್ಟ್ ಮಾಡುವುದೂ ಅದೇ ಕೆಲಸ. ಪ್ಲೇಟ್‌ಗಳನ್ನು ಹೌಸಿಂಗ್‌ಗೆ, ಅಂದರೆ ಆಕ್ಸಲ್ಲಿನ ಹೊರಕವಚಕ್ಕೆ, ಒತ್ತಿ ಹಿಡಿಯುವುದು. ಜಾರದಂತೆ ನೋಡಿಕೊಳ್ಳುವುದು ಆ ಒತ್ತಡದಿಂದ ಹುಟ್ಟುವ ಘರ್ಷಣೆ.

ಬೋಲ್ಟ್ ಒತ್ತುವುದು ಹೇಗೆ ಅಂದರೆ, ತಾನು ಹಿಗ್ಗಿ. ಹೌದು, ಕಬ್ಬಿಣವೇ ಹಿಗ್ಗುತ್ತದೆ. ಯು ಬೋಲ್ಟಿನ ಒಂದು ಕಾಲು 200 ಮಿಲಿಮೀಟರ್ ಉದ್ದ ಇದೆ, ಅದನ್ನು 400 ಮೆಗಾಪಾಸ್ಕಲ್ ಬರುವಷ್ಟು ಬಿಗಿದಿದ್ದೀರಿ ಅಂತ ಇಟ್ಟುಕೊಳ್ಳಿ. ಅದು ಎಷ್ಟು ಹಿಗ್ಗಿರುತ್ತದೆ ಗೊತ್ತಾ? 0.4 ಮಿಲಿಮೀಟರ್. ನಾಲ್ಕು ಹಾಳೆ ಬಿಳಿ ಕಾಗದದ ದಪ್ಪ, ಅಷ್ಟೇ! ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ತನ್ನ ಜಾಗದಲ್ಲಿ ನಿಂತಿರುವುದು ಆ 0.4 ಮಿಲಿಮೀಟರ್ ಹಿಗ್ಗುವಿಕೆಯಿಂದ.

ಈಗ ಯೋಚನೆ ಮಾಡಿ. ಪ್ಲೇಟ್‌ಗಳ ಮಧ್ಯೆ ದಪ್ಪಗೆ ಪೇಂಟ್ ಬಳಿದಿದ್ದಾರೆ, ಇಲ್ಲವೇ ಹಳೆ ತುಕ್ಕಿನ ಪದರ, ಒಣಗಿದ ಗದ್ದೆ ಮಣ್ಣು ಹಾಗೇ ಇದೆ. ಎರಡು ಟ್ರಿಪ್ ಲೋಡು ಹೊತ್ತ ಮೇಲೆ ಅದು ಪುಡಿಯಾಗಿ 0.2 ಮಿಲಿಮೀಟರ್ ಕುಸಿಯಿತು. ನಟ್ಟು ಒಂದು ಎಳೆಯಷ್ಟೂ ತಿರುಗಿಲ್ಲ, ಹೊರಗಿನಿಂದ ಎಲ್ಲ ಸರಿಯಾಗೇ ಕಾಣುತ್ತದೆ, ಆದರೆ ಒಳಗೆ ಹಿಡಿತ ಹೆಚ್ಚುಕಡಿಮೆ ಅರ್ಧ ಹೋಗಿದೆ. ಅದಕ್ಕೇ ಜೋಡಿಸುವ ಮೊದಲು ಪ್ಲೇಟ್‌ಗಳನ್ನು, ಹೌಸಿಂಗ್ ಮೇಲೆ ಕೂರುವ ಜಾಗವನ್ನು ವೈರ್ ಬ್ರಷ್ ಹಾಕಿ ಉಜ್ಜಿ ಅಂತ ಒಳ್ಳೆಯ ಮೇಸ್ತ್ರಿಗಳು ಅಷ್ಟು ಒತ್ತಿ ಹೇಳುವುದು.

ಇದನ್ನು ನೋಡಿ. [ಮುರಿದ ಸೆಂಟರ್ ಬೋಲ್ಟ್, ಕ್ಯಾಮೆರಾ ಹತ್ತಿರಕ್ಕೆ]

ಇದು ಮುರಿದ ಸೆಂಟರ್ ಬೋಲ್ಟ್. ಪ್ಲೇಟ್‌ಗಳ ನಡುವಿನ ತೂತಿನಲ್ಲಿ ಇರುತ್ತಲ್ಲ, ಅದು. ಮುರಿದ ಮುಖ ನೋಡಿ. ಅರ್ಧಕ್ಕಿಂತ ಜಾಸ್ತಿ ಭಾಗ ನುಣ್ಣಗಿದೆ, ಕಪ್ಪಾಗಿದೆ, ಅಂಚಿನಿಂದ ಒಳಗೆ ಸಣ್ಣ ಸಣ್ಣ ಬಿಲ್ಲಿನಂಥ ಗೆರೆಗಳು. ಈ ಮೂಲೆ ಮಾತ್ರ ಒರಟಾಗಿ ಬೆಳ್ಳಗಿದೆ. ಇದು ಒಂದೇ ಏಟಿಗೆ ಮುರಿದದ್ದಲ್ಲ. ಸಣ್ಣ ಬಿರುಕು ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ ಬೆಳೆದು, ಉಳಿದ ಚೂರು ತಡೆಯಲಾರದೆ ಕೊನೆಗೊಂದು ದಿನ ಟಕ್ ಅಂದಿದೆ. ಸೆಂಟರ್ ಬೋಲ್ಟಿನ ಕೆಲಸ ಪ್ಲೇಟ್‌ಗಳನ್ನು ಸಾಲಾಗಿ ಇಡುವುದು, ಅದರ ತಲೆ ಹೌಸಿಂಗ್‌ನ ಕುಳಿಯಲ್ಲಿ ಕೂತು ಆಕ್ಸಲ್‌ಗೆ ಜಾಗ ತೋರಿಸುವುದು. ಹೊಡೆತ ತಿನ್ನುವುದು ಅದರ ಕೆಲಸವೇ ಅಲ್ಲ. ಯು ಬೋಲ್ಟ್ ಸಡಿಲವಾದಾಗ ಇಡೀ ಹೊಡೆತ ಈ ಬಡಪಾಯಿ ಮೇಲೆ ಬೀಳುತ್ತದೆ. ಅದು ಮುರಿದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಜಾರಿ ಗಾಡಿ ಓರೆಯಾಗಿ ಓಡುತ್ತದೆ.

ಆಗ ಎಷ್ಟೋ ಕಡೆ ಮಾಡುವುದು ಏನು? "ಸೆಂಟರ್ ಬೋಲ್ಟ್ ಕಟ್ಟಾಗಿದೆ, ಇನ್ನೂ ಗಟ್ಟಿದು ಹಾಕಿ." ಅದೂ ಮುರಿಯುತ್ತದೆ. ಸೆಂಟರ್ ಬೋಲ್ಟ್ ಮುರಿದಿದ್ದರೆ ದಯವಿಟ್ಟು ಯು ಬೋಲ್ಟ್ ನೋಡಿ. ಕಾಯಿಲೆ ಇರುವುದು ಅಲ್ಲಿ.

ಇನ್ನು ಯು ಬೋಲ್ಟ್ ಎಲ್ಲಿ ಮಾಡಿಸುವುದು? ಲೇತ್ ಅಂಗಡಿಯಲ್ಲಿ ಸರಳು ಕೊಟ್ಟರೆ ಬಗ್ಗಿಸಿ, ಮರೆ ಕೊಯ್ದು ಕೊಡುತ್ತಾರೆ. ಅವರ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಎರಡು ಪ್ರಶ್ನೆ ಕೇಳಲೇಬೇಕು. ಸರಳು ಯಾವುದು? ಬಗ್ಗಿಸಿದ್ದು ಹೇಗೆ? 8.8 ಉಕ್ಕಿಗೆ ಆ ಬಲ ಬಂದಿರುವುದು ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ಈ ಹದ ಕಾಯಿಸುವಿಕೆಯ ಶಾಖ 425 ಡಿಗ್ರಿಯಿಂದ ಮೇಲೆ ಇರುತ್ತದೆ. ಅದೇ ಸರಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಶಾಖ ಆ ಹದವನ್ನೆಲ್ಲ ದಾಟಿ ಹೋಗುತ್ತದೆ, ಬಗ್ಗಿದ ಜಾಗದಲ್ಲಿ ಬಲ ಹೋಗಿಬಿಡುತ್ತದೆ. ಹೊಳಪು, ಆಕಾರ ಎರಡೂ ಸರಿ ಇರುತ್ತವೆ, ಒಳಗೆ ಸಾಧಾರಣ ಕಬ್ಬಿಣ. ಹಾಗಾಗಿ ಗಾಡಿಗೆ ಅಂತಲೇ ಮಾಡಿದ ಯು ಬೋಲ್ಟ್ ಸಿಕ್ಕರೆ ಅದನ್ನೇ ತನ್ನಿ. ಹಳೆಯದನ್ನು ಮತ್ತೆ ಹಾಕಬೇಡಿ, ಅದು ಒಮ್ಮೆ ಹಿಗ್ಗಿ ದುಡಿದಿರುತ್ತದೆ, ಮರೆಯೂ ಸವೆದಿರುತ್ತದೆ.

ವಿಡಿಯೋ ಉದ್ದವಾಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

"ಹಾಗಾದರೆ 12.9 ಹಾಕಿಬಿಡೋಣ, ಎಲ್ಲಕ್ಕಿಂತ ಗಟ್ಟಿ ಅಲ್ವಾ?" ಅನ್ನುವವರಿಗೆ: ಅಷ್ಟು ಗಟ್ಟಿ ಉಕ್ಕಿಗೆ ಜಿಂಕ್ ಲೇಪನ ಮಾಡುವಾಗ ಹೈಡ್ರೋಜನ್ ಒಳಗೆ ಸೇರಿಕೊಂಡರೆ, ಬಿಗಿದು ಬಿಟ್ಟ ಎಷ್ಟೋ ಹೊತ್ತಿನ ಮೇಲೆ, ಗಾಡಿ ಸುಮ್ನೆ ನಿಂತಿದ್ದಾಗಲೂ, ತಾನಾಗೇ ಮುರಿಯಬಹುದು. ಕಂಪನಿ ಏನು ಹಾಕಿತ್ತೋ ಅದೇ ದರ್ಜೆ ಹಾಕಿ.

ಶ್ಯಾಕಲ್ (ಪ್ಲೇಟಿನ ತುದಿಯನ್ನು ಗಾಡಿಗೆ ಸೇರಿಸುವ ಕೊಂಡಿ), ಬುಷ್ (ಬೋಲ್ಟ್ ತೂರುವ ತೂತಿನೊಳಗಿನ ಕೊಳವೆ) ಇರುವ ಕಡೆ ತಲೆಯವರೆಗೂ ಮರೆ ಇರುವ ಬೋಲ್ಟ್ ಬೇಡ. ಬುಷ್ ಒಳಗೆ ಇರುವ ಭಾಗ ನುಣ್ಣಗಿರಬೇಕು. 16 ಮಿಲಿಮೀಟರ್ ಬೋಲ್ಟಿನ ನುಣುಪು ಭಾಗದಲ್ಲಿ 201 ಚದರ ಮಿಲಿಮೀಟರ್ ಉಕ್ಕು ಸಿಗುತ್ತದೆ, ಮರೆ ಇರುವ ಕಡೆ ಸಿಗುವುದು 157 ಮಾತ್ರ. ಮರೆ ಬುಷ್ ಅನ್ನು ಅರದಂತೆ ತಿನ್ನುವುದು ಬೇರೆ.

ಮರೆ ಹೊಂದುತ್ತದಾ ನೋಡಿ. ಟಾಟಾ ಲಾರಿಗಳು 1954ರ ಬೆಂಜ್ ಒಪ್ಪಂದದ ಕಾಲದಿಂದ ಬಂದವು, ಅವುಗಳಲ್ಲಿ ಮಿಲಿಮೀಟರ್ ಮರೆ. ಹಳೆ ವಿಲ್ಲಿಸ್ ಜೀಪಿನಂಥ ಗಾಡಿಯಲ್ಲಿ ಇಂಚಿನ ಮರೆ. ಐದು ಬೈ ಎಂಟು ಇಂಚಿನ ಬೋಲ್ಟ್ 15.875 ಮಿಲಿಮೀಟರ್ ಇರುತ್ತದೆ, ಕಣ್ಣಿಗೆ 16ರ ಥರವೇ ಕಾಣುತ್ತದೆ. ನಟ್ಟು ಎರಡು ಸುತ್ತು ಹೋಗಿ ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಪೈಪು ಹಾಕಿ ತಿರುಗಿಸಬೇಡಿ. ಹಳೆ ಬೋಲ್ಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಎರಡರ ಮರೆಯನ್ನೂ ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯಿರಿ, ಸಂದು ಕಂಡರೆ ಅದು ಬೇರೆ ಮರೆ.

8.8 ಬೋಲ್ಟಿಗೆ 8 ಅಂತ ಗುರುತಿರುವ ನಟ್ಟು, 10.9ಕ್ಕೆ 10 ಅಂತ ಗುರುತಿರುವ ನಟ್ಟು. ಕೆಳಗೆ ಗಟ್ಟಿ ಚಪ್ಪಟೆ ವಾಷರ್. ಸ್ಪ್ರಿಂಗ್ ವಾಷರ್ ನಂಬಿಕೊಂಡು ಕೂರಬೇಡಿ, ಅಡ್ಡಡ್ಡ ಅದುರುವ ಕಡೆ ಅದು ನಟ್ಟನ್ನು ತಡೆಯುವುದಿಲ್ಲ ಅಂತ ಜರ್ಮನಿಯ ಎಂಜಿನಿಯರ್ ಯುಂಕರ್ 1969ರಲ್ಲೇ ಯಂತ್ರದ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಒಳಗೆ ನೈಲಾನ್ ಬಳೆ ಇರುವ ನಟ್ಟು ಹಾಕಿದರೆ ಒಂದೇ ಸಲ, ಬಿಚ್ಚಿದರೆ ಹೊಸದು.

ಬಿಗಿಯುವಾಗ ಮ್ಯಾನುಯಲ್‌ನ ಟಾರ್ಕ್ (ತಿರುಗಿಸುವ ಬಲದ ಅಳತೆ) ಒಣ ಮರೆಗೆ ಹೇಳಿದ್ದಾ, ಎಣ್ಣೆ ಹಚ್ಚಿದ್ದಕ್ಕಾ ನೋಡಿಕೊಳ್ಳಿ. ನೀವು ಹಾಕುವ ಬಲದಲ್ಲಿ ಶೇಕಡ 90ರಷ್ಟು ಘರ್ಷಣೆಯಲ್ಲೇ ಹೋಗುತ್ತದೆ, ಬೋಲ್ಟ್ ಹಿಗ್ಗಿಸುವುದು ಉಳಿದ 10 ಮಾತ್ರ. ಎಣ್ಣೆ ಬಿದ್ದರೆ ಈ ಲೆಕ್ಕವೇ ಬದಲಾಗಿ, ಅದೇ ಟಾರ್ಕ್‌ಗೆ ಬೋಲ್ಟ್ ಅತಿಯಾಗಿ ಹಿಗ್ಗಿಬಿಡಬಹುದು.

ಮದ್ದೂರಿನ ಅಣ್ಣನಿಗೆ: ನಾಲ್ಕು ನಟ್ಟನ್ನೂ ಎದುರುಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿಸಿ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗ ಕೊನೆಯ ಬಿಗಿತ ಕೊಡಿಸಿ. ಮೊದಲ ಲೋಡು ಫ್ಯಾಕ್ಟರಿಯಲ್ಲಿ ಇಳಿಸಿ ಬಂದ ದಿನವೇ ಟಾರ್ಕ್ ವ್ರೆಂಚ್ ಹಾಕಿ ಮತ್ತೆ ನೋಡಿಸಿ, ಆಮೇಲೆ 500 ಕಿಲೋಮೀಟರ್ ಹತ್ತಿರ ಇನ್ನೊಮ್ಮೆ. ಹೊಸ ಬೋಲ್ಟ್ ತಂದಾಗ ತಲೆಯ ಫೋಟೋ ಕಳಿಸಿ, ನಾನೂ ನೋಡುತ್ತೇನೆ.