40 ಲಕ್ಷದ ಸಾಲ, 36 ತಿಂಗಳ ಸಂಬಳ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ತೀರ್ಥಹಳ್ಳಿ ಪೇಟೆಯಲ್ಲಿರುವ ನಮ್ಮ ಮನೆಯ ಇ-ಖಾತೆ, ಕ್ರಯಪತ್ರ ಮತ್ತು ಋಣಭಾರ ಪ್ರಮಾಣಪತ್ರ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸಿಸ್ಟಮ್ಸ್ ಎಂಜಿನಿಯರಿಂಗ್, ಅಂದರೆ ಹಲವು ಭಾಗಗಳಿರುವ ದೊಡ್ಡ ವ್ಯವಸ್ಥೆಯೊಂದನ್ನು ಇಡಿಯಾಗಿ ಯೋಜಿಸಿ ಹೊಂದಿಸುವ ವಿದ್ಯೆಯ ಎಂ.ಎಸ್. ಪದವಿಗೆ ನನಗೆ ಪ್ರವೇಶ ದೊರೆತ ಮೇಲೆ, 40 ಲಕ್ಷ ರೂಪಾಯಿ ಸಾಲಕ್ಕಾಗಿ ಅಪ್ಪ ಈ ಕಡತವನ್ನು ಬ್ಯಾಂಕಿಗೆ ಕೊಟ್ಟು ಬಂದರು. ಅಡಿಕೆ ತೋಟವನ್ನು ಆಧಾರವಾಗಿ ಇಡುತ್ತೇವೆಂದರೆ ಬ್ಯಾಂಕಿನವರು ಒಪ್ಪಲಿಲ್ಲ. ಕೃಷಿ ಜಮೀನು ಬೇಡ, ಮನೆಯೇ ಆಗಬೇಕು ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇದು ತೀರೋದು ಯಾವಾಗ ಮಾರಾಯ?" ನನ್ನ ಬಳಿ ಉತ್ತರವಿರಲಿಲ್ಲ. ಹಾಗಾಗಿ ಎರಡು ವಾರ ಕೂತು ಲೆಕ್ಕ ಹಾಕಿದೆ.

ಬಡ್ಡಿ ಶೇಕಡಾ 10.5 ಎಂದಿಟ್ಟುಕೊಳ್ಳೋಣ. ಓದಿನ ಎರಡು ವರ್ಷ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲಿಯೇ ಮೂರು ವರ್ಷಕ್ಕೆ 12.6 ಲಕ್ಷ ಸೇರಿ, ಕಂತು ಆರಂಭವಾಗುವ ದಿನ ಸಾಲ 52.6 ಲಕ್ಷವಾಗಿರುತ್ತದೆ. ಹಣ ಸೆಮಿಸ್ಟರಿಗೆ ಸೆಮಿಸ್ಟರಿಗೆ ಬಿಡುಗಡೆಯಾಗುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆಯಾದೀತು. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 71,000 ರೂಪಾಯಿ. ಆದಾಯ ತೆರಿಗೆಯಲ್ಲಿ ಶಿಕ್ಷಣ ಸಾಲದ ಬಡ್ಡಿಗೆ ವಿನಾಯಿತಿ ಇದೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ನಾನು ಅಮೆರಿಕದಲ್ಲಿ ದುಡಿಯುವಾಗ ಇಲ್ಲಿ ತೆರಿಗೆ ಕಟ್ಟುವ ಸಂಬಳವಿರುವುದಿಲ್ಲ, ಅಪ್ಪನ ಅಡಿಕೆ ಆದಾಯಕ್ಕೆ ತೆರಿಗೆಯೇ ಇಲ್ಲ. ಹೀಗಾಗಿ ಆ ವಿನಾಯಿತಿ ನಮ್ಮ ಮನೆಯ ಬಾಗಿಲಿಗೆ ಬರುವುದೇ ಇಲ್ಲ.

ಇನ್ನು ಗಳಿಕೆ. ವರ್ಷಕ್ಕೆ 85,000 ಡಾಲರ್ ಸಂಬಳ ಸಿಕ್ಕಿತೆಂದು ಊಹಿಸಿದರೆ, ತೆರಿಗೆ, ಬಾಡಿಗೆ, ಕಾರು, ವಿಮೆ, ಊಟ ಎಲ್ಲ ಕಳೆದು, ಬಿಗಿಯಾಗಿ ಬದುಕಿದರೆ ತಿಂಗಳಿಗೆ 2,000 ಡಾಲರ್ ಉಳಿಸಬಹುದು. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಅದು 1.7 ಲಕ್ಷ. ಕೆಲಸ ಹುಡುಕಲು ಮೂರು ತಿಂಗಳು ಬೇಕಾಗಿ, ಆಮೇಲೆ ಕಂತಿನ ದಿನಕ್ಕೆ ಕಾಯದೆ ಉಳಿದಷ್ಟನ್ನೂ ಸಾಲಕ್ಕೇ ಕಟ್ಟುತ್ತಾ ಹೋದರೆ ಸಾಲ ತೀರಲು ಸುಮಾರು 34 ತಿಂಗಳು ಬೇಕು. ಈ ಪದವಿಯ ನಂತರ ವಿದ್ಯಾರ್ಥಿ ವೀಸಾದ ಮೇಲೆ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಓಪಿಟಿಯ 12 ತಿಂಗಳು ಮತ್ತು ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಸಿಗುವ ಸ್ಟೆಮ್ ವಿಸ್ತರಣೆಯ 24 ತಿಂಗಳು ಸೇರಿ, 36 ತಿಂಗಳು. ಹುಡುಕಾಟದ ಮೂರನ್ನು ಕಳೆದರೆ 33.

ಬೇಕಾದ 34, ಸಿಗುವ 33, ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಬರೆದ ಮೇಲೆ ನಾನು ಸಂಬಳದ ಸರಾಸರಿಗಳನ್ನು ನೋಡುವುದನ್ನೇ ಬಿಟ್ಟೆ. ಸಂಬಳ ಎಷ್ಟು ಎಂಬುದಕ್ಕಿಂತ ಅದನ್ನು ಎಷ್ಟು ತಿಂಗಳು ಎಣಿಸಲು ಬಿಡುತ್ತಾರೆ ಎಂಬುದೇ ಈ ಸಾಲದ ಹಣೆಬರಹ. ಓಪಿಟಿಯ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಮುಂದೆ ಎಚ್-1ಬಿ ಎಂಬ ಉದ್ಯೋಗ ವೀಸಾ ಬೇಕೆಂದರೆ ವರ್ಷಕ್ಕೆ 85,000 ವೀಸಾಗಳ ಮಿತಿ, ಅದಕ್ಕೆ ಲಾಟರಿ.

ಅದರ ಮೇಲೆ ಸಿಸ್ಟಮ್ಸ್ ಎಂಜಿನಿಯರಿಂಗಿಗೇ ವಿಶಿಷ್ಟವಾದ ತೊಡಕೊಂದಿದೆ; ಕಂಪ್ಯೂಟರ್ ಸೈನ್ಸ್ ಓದಲು ಹೋದವರು ಇದನ್ನು ಹೇಳುವುದಿಲ್ಲ, ಏಕೆಂದರೆ ಅವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಕ್ಷಿಪಣಿ, ಯುದ್ಧವಿಮಾನ, ಉಪಗ್ರಹಗಳಂಥ ದೊಡ್ಡ ಯೋಜನೆಗಳ ಜೊತೆಯಲ್ಲೇ ಬೆಳೆದ ವಿದ್ಯೆ ಇದು. ಆದ್ದರಿಂದ ಅಮೆರಿಕದಲ್ಲಿ ಇದರ ಉದ್ಯೋಗಗಳ ದೊಡ್ಡ ಪಾಲು ರಕ್ಷಣೆ ಮತ್ತು ಅಂತರಿಕ್ಷ ಕಂಪನಿಗಳಲ್ಲಿದೆ. ಅಲ್ಲಿ ರಕ್ಷಣಾ ತಂತ್ರಜ್ಞಾನ ಹೊರದೇಶದವರ ಕೈಸೇರದಂತೆ ತಡೆಯುವ ಐಟಾರ್ ನಿಯಮಗಳ ಕಾರಣ ಸಾಮಾನ್ಯವಾಗಿ ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಕೇಳುತ್ತಾರೆ, ಭದ್ರತಾ ಅನುಮತಿ ಬೇಕಾದ ಹುದ್ದೆಗಳಿಗೆ ಪೌರತ್ವವೇ ಬೇಕು. ಪದವಿಯ ಜಾಹೀರಾತಿನಲ್ಲಿ ಕಾಣುವ ಆಕರ್ಷಕ ಸಂಬಳಗಳಲ್ಲಿ ಎಷ್ಟೋ ನನ್ನಂಥವನು ಅರ್ಜಿ ಹಾಕಲಾಗದ ಹುದ್ದೆಗಳವು. ನನಗೆ ಉಳಿಯುವುದು ವಾಹನ, ವೈದ್ಯಕೀಯ ಉಪಕರಣ, ಸೆಮಿಕಂಡಕ್ಟರ್ ಇಂಥ ಕ್ಷೇತ್ರಗಳು.

ಬೆಂಗಳೂರಿಗೆ ಮರಳಿದರೆ? ಇಲ್ಲಿ ಆ ಹೆಸರಿನದೇ ಒಂದು ತಮಾಷೆಯಿದೆ. ದೊಡ್ಡ ಐಟಿ ಕಂಪನಿಯಲ್ಲಿ ಕಾಲೇಜಿನಿಂದ ನೇರವಾಗಿ ಸೇರಿದವರನ್ನೂ ಸಿಸ್ಟಮ್ಸ್ ಎಂಜಿನಿಯರ್ ಎಂದೇ ಕರೆಯುವುದುಂಟು, ಆದ್ದರಿಂದ ನಮ್ಮ ಬೀದಿಯವರಿಗೆ ನಾನು 40 ಲಕ್ಷ ಸುರಿದು ಪಡೆಯಹೊರಟದ್ದು ಪಕ್ಕದ ಮನೆಯ ಹುಡುಗಿಗೆ ಮೊದಲ ದಿನವೇ ಸಿಕ್ಕ ಹುದ್ದೆ. ನಿಜವಾದ ಸಿಸ್ಟಮ್ಸ್ ಕೆಲಸವೂ ಈ ಊರಿನಲ್ಲಿ ಧಾರಾಳವಾಗಿದೆ. ಆದರೆ ತಿಂಗಳಿಗೆ 1 ಲಕ್ಷ ಕೈಗೆ ಬಂದರೂ ಕಂತು ಕಟ್ಟಿದ ಮೇಲೆ ಬಾಡಿಗೆಗೂ ಊಟಕ್ಕೂ ಸೇರಿ ಉಳಿಯುವುದು 29,000.

ಎರಡು ವರ್ಷದಿಂದ ನಾನು ಬೆಂಗಳೂರಿನ ವಾಹನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಬ್ರೇಕ್ ವ್ಯವಸ್ಥೆಯ ರಿಕ್ವೈರ್ಮೆಂಟ್ಸ್ ಬರೆಯುತ್ತಿದ್ದೇನೆ, ಅಂದರೆ ವಾಹನ ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬುದನ್ನು ಪರೀಕ್ಷಿಸಲು ಬರುವಂತೆ ಒಂದೊಂದು ವಾಕ್ಯದಲ್ಲಿ ಕಟ್ಟಿಡುವ ಕೆಲಸ. ಈ ವೃತ್ತಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಇನ್‌ಕೋಸಿ ಕೊಡುವ ಸಿಎಸ್‌ಇಪಿ ಪ್ರಮಾಣಪತ್ರಕ್ಕೆ ಕನಿಷ್ಠ 5 ವರ್ಷದ ಅನುಭವ ಬೇಕು. ನನಗಿನ್ನು ಮೂರು ವರ್ಷ ಬಾಕಿ. ಎಂ.ಎಸ್. ಆಸೆಯನ್ನು ಪೂರ್ತಿ ಬಿಟ್ಟಿಲ್ಲ. ವಿಶ್ವವಿದ್ಯಾಲಯದಲ್ಲೇ ಬೋಧನೆಗೋ ಸಂಶೋಧನೆಗೋ ನೆರವಾಗಿ ಶುಲ್ಕ ಮನ್ನಾ ಪಡೆಯುವ ಸಹಾಯಕ ಹುದ್ದೆಗಾಗಿ ಮುಂದಿನ ವರ್ಷವೂ ಅರ್ಜಿ ಹಾಕುತ್ತೇನೆ, ಸಾಲ 15 ಲಕ್ಷದ ಒಳಗೆ ಬಂದರೆ ಹೊರಡುತ್ತೇನೆ.

ಈ ವರ್ಷದ ಪ್ರವೇಶವನ್ನು ಮುಂದೂಡುವಂತೆ ವಿಶ್ವವಿದ್ಯಾಲಯಕ್ಕೆ ನಿನ್ನೆ ಬರೆದಿದ್ದೇನೆ. ಸೋಮವಾರ ಅಪ್ಪ ಬ್ಯಾಂಕಿಗೆ ಹೋಗಿ ಮನೆಯ ಪತ್ರಗಳನ್ನು ವಾಪಸು ತರುತ್ತಾರೆ.